ಸಿರಾ ಮುಟ್ಟದ ಮಾಸ್ತರ

ಹೆಣ್ಣು ನೋಡಾಕ ಬಂದ ಗಂಡಿಗೆ ಹೆಣ್ಣೇ ಪ್ರಶ್ನೆ ಹಾಕಿದ್ದು ಗಜೇಂದ್ರಗಡದ ನೇಕಾರ ಓಣಿಯಲ್ಲಿ ಅದೇ ಮೊದಲು.

ರಾಜ್ಯ ಒಂದಾದ ಮರುವರ್ಷದ ಮಾತು. ಬಂದವನು ಅಬ್ಬಿಗೇರಿಯ ಅಂದಾನಪ್ಪ, ರೋಣದಲ್ಲಿ ಹೈಸ್ಕೂಲಿನ ಸೈನ್ಸ್ ಮಾಸ್ತರ. ಜೊತೆಗೆ ಅವನ ಸೋದರಮಾವ. ಮಾವ ಶಾಸ್ತ್ರಕ್ಕೆಂದು, "ನಿಂಗೇನರ ಕೇಳೂದಿದ್ರ ಕೇಳವಾ" ಅಂದ. ಇಂಥಾ ಮಾತಿಗೆ ಹುಡುಗಿ ತಲೆ ತಗ್ಗಿಸಿ ಸುಮ್ಮನಿರಬೇಕು. ಕಳಕವ್ವ ಸುಮ್ಮನಿರುವ ಪೈಕಿ ಅಲ್ಲ.

"ಸ್ಟೋವಿನ ಉರಿ ನೀಲಿ ಇರತೈತಲ್ರಿ. ಸಾರು ಉಕ್ಕಿ ಬಿದ್ರ ಹಳದಿ ಆಗತೈತಿ. ಬರೇ ನೀರು ಚೆಲ್ಲಿ ನೋಡೇನಿ, ಆಗೂದಿಲ್ಲ. ಉಪ್ಪು ಬಿದ್ರ ಅಷ್ಟ ಆಗತೈತಿ. ಯಾಕ್ರಿ?"

ಅಲ್ಲಿತನಕ ಚಾಪೆಯ ಅಂಚು ನೋಡುತ್ತಿದ್ದ ಅಂದಾನಪ್ಪ ಕಣ್ಣೆತ್ತಿದ.

"ಉಪ್ಪಿನಾಗ ಸೋಡಿಯಂ ಅಂತ ಇರತೈತಿ, ಅದಕ್ಕ."

"ಅದಿದ್ರ ಹಳದಿನ ಯಾಕ ಆಗಬೇಕ್ರಿ? ಕೆಂಪ ಯಾಕಾಗಬಾರದು?"

ಅವನು ಅವಳನ್ನೇ ನೋಡುತ್ತ, "ನಂಗ ಗೊತ್ತಿಲ್ಲ" ಅಂದ.

ಅಪ್ಪ ವೀರಪ್ಪ ಸುಮ್ಮನೆ ಕೆಮ್ಮಿದ. ಅವ್ವ ಸುಶೀಲವ್ವ ಹಿಂದಿನಿಂದ ಮಗಳ ತೋಳು ಚಿವುಟಿದಳು. ಕಳಕವ್ವನಿಗೆ ಚಿವುಟಿದ್ದು ತಿಳಿಯಲೇ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವಳ ಪ್ರಶ್ನೆಗೆ ಬೈದವರಿದ್ದರು, ನಕ್ಕವರಿದ್ದರು. ಗೊತ್ತಿಲ್ಲ ಅಂದ ಗಂಡಸು ಇವನೊಬ್ಬನೇ. ಅವಳಿಗೆ ಅವನು ಆ ಕ್ಷಣವೇ ಮನಸ್ಸಿಗೆ ಬಂದುಬಿಟ್ಟ.

ಆದರೆ ಮಾಸ್ತರ ಏನೋ ಯೋಚನೆ ಮಾಡುತ್ತಲೇ ಎದ್ದು ಹೋದ. ತಟ್ಟೆಯಲ್ಲಿ ರವೆಯ ಸಿರಾ ಹಾಕಿದ್ದು ಹಾಕಿದ ಹಾಗೇ ಇತ್ತು.

ಆ ಓಣಿಯ ರೂಢಿ ಹೀಗೆ: ಗಂಡು ಸಿರಾ ತಿಂದರೆ ಒಪ್ಪಿದ ಹಾಗೆ, ಬಿಟ್ಟರೆ ಒಲ್ಲೆ ಅಂದ ಹಾಗೆ. ಬಾಯಿಬಿಟ್ಟು ಯಾರೂ ಯಾರ ಮನಸ್ಸೂ ನೋಯಿಸಬಾರದಲ್ಲ, ಅದಕ್ಕೆ. ನೋವು ಮಾತ್ರ ಆಗೇ ಆಗುತ್ತಿತ್ತು.

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರ" ಅಂದಳು ಸುಶೀಲವ್ವ, ಆ ತಟ್ಟೆ ಎತ್ತುತ್ತ. "ನಮ್ಮ ಮನ್ಯಾಗ ಬರೇ ಬೆಳ್ಳಿನ ತುಂಬೇತಿ."

ಹದಿನೈದು ದಿನ ಹೋದವು. ಬೆಳವಣಕಿಯಿಂದ ಇನ್ನೊಂದು ಸಂಬಂಧ ಬಂತು. ಮಾತು ಕಡಿಮೆ ಇರೋ ಹುಡುಗಿ ಬೇಕು ಅಂತ ಅವರು ಮೊದಲೇ ಹೇಳಿ ಕಳಿಸಿದ್ದರು. ಗುರುವಾರ ನೋಡಲು ಬರುವುದು ಅಂತಾಯಿತು. "ಈ ಸಲ ತುಟಿ ಪಿಟಕ್ ಅನಬ್ಯಾಡ" ಅಂದ ವೀರಪ್ಪ. ಕಳಕವ್ವ ಹೂಂ ಅಂದಳು. ಆ ಮನೆಗೆ ಹೋದರೆ ಜೀವಮಾನ ಪೂರ್ತಿ ಹೀಗೆ ಹೂಂ ಅನ್ನುತ್ತ ಇರಬೇಕಲ್ಲ ಅಂತ ಅವಳಿಗೆ ಅನ್ನಿಸಿತು.

ಬುಧವಾರ ಮಧ್ಯಾಹ್ನ ಅವಳು ಮಗ್ಗದ ಮುಂದೆ ಕೂತು ಸೀರೆಯ ಒಡಲಿನ ಕಪ್ಪು ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ಹೆಗಲಿಗೆ ಜೋಳಿಗೆ ಚೀಲ, ಮುಖದ ತುಂಬಾ ಬಸ್ಸಿನ ಧೂಳು. ಅಂದಾನಪ್ಪ ಮಾಸ್ತರ.

"ಉತ್ತರ ತಂದೇನ್ರಿ" ಅಂದ, ನಮಸ್ಕಾರ ಹೇಳುವುದನ್ನೂ ಮರೆತು. "ಧಾರವಾಡಕ್ಕ ಹೋಗಿ ನಮ್ಮ ಪ್ರೊಫೆಸರ್ ಹತ್ರ ಎರಡ ದಿನ ಕುಂತ ಕೇಳಿದೆ."

ಒಲ್ಲೆ ಅಂದು ಹೋದವನನ್ನು ಒಳಗೆ ಕರೆಯಬೇಕೋ ಬೇಡವೋ ವೀರಪ್ಪನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮಾಸ್ತರ ಚೀಲದಿಂದ ಸ್ಪಿರಿಟ್ ದೀಪ ತೆಗೆದು ಹಚ್ಚಿಯೂ ಆಗಿತ್ತು.

"ಸ್ವಲ್ಪ ಉಪ್ಪು ಬೇಕಾಗಿತ್ತು."

ಕಳಕವ್ವ ಬಟ್ಟಲಲ್ಲಿ ತಂದಿಟ್ಟಳು. ಒದ್ದೆ ತಂತಿಗೆ ಉಪ್ಪು ಹಚ್ಚಿ ಹಿಡಿದ, ಉರಿ ಹಳದಿಯಾಯಿತು. ಬೇರೆ ತಂತಿಗೆ ತಾಮ್ರದ ಮೈಲತುತ್ತ ಹಚ್ಚಿ ಹಿಡಿದ, ಉರಿ ಹಸಿರಾಯಿತು. ಅವಳು ಉಸಿರು ಬಿಗಿಹಿಡಿದು ಬಗ್ಗಿದಳು. ಅವನು ಉರಿ ಬಿಟ್ಟು ಅವಳ ಮುಖ ನೋಡುತ್ತಿದ್ದ. ಅದು ಅವಳಿಗೆ ಗೊತ್ತಾಯಿತು, ಆದರೂ ಕಣ್ಣು ಕೀಳಲಿಲ್ಲ.

"ಪ್ರತಿ ಅಣುವಿನಾಗೂ ಎಲೆಕ್ಟ್ರಾನ್ ಅಂತ ಇರತಾವು. ಅವಕ್ಕ ನಿಲ್ಲಾಕ ಪಾವಟಿಗಿ ಇದ್ದಂಗ ಇರತಾವು. ಬಿಸಿ ತಗಲಿದ್ರ ಮ್ಯಾಲಿನ ಪಾವಟಿಗಿಗೆ ಏರತಾವು, ತಿರುಗಿ ಇಳೀವಾಗ ಬೆಳಕು ಬಿಡತಾವು. ಸೋಡಿಯಂದ ಪಾವಟಿಗಿ ಎತ್ತರನ ಬ್ಯಾರೆ, ತಾಮ್ರದ್ದ ಬ್ಯಾರೆ. ಇಳಿಯೂ ಎತ್ತರದ ಮ್ಯಾಲ ಬಣ್ಣ."

"ನಡುವ ನಿಂತ್ರ?"

"ನಡುವ ನಿಲ್ಲಾಕ ಆಗೂದಿಲ್ಲ. ಇಲ್ಲೆ ಇರಬೇಕು, ಇಲ್ಲಾ ಅಲ್ಲೆ ಇರಬೇಕು."

ಅವಳು ಮಗ್ಗದ ಕಡೆ ತಿರುಗಿ ತಾನು ಹಾಕಿದ ಕೊಂಡಿಗಳ ಮೇಲೆ ಬೆರಳಾಡಿಸಿದಳು. ಕಪ್ಪು ಮುಗಿದಲ್ಲಿ ಕೆಂಪು ಶುರು. "ಇದರಂಗ" ಅಂದಳು. "ಅರ್ಧ ಕಪ್ಪು ಅರ್ಧ ಕೆಂಪು ಅಂತ ಎಳಿ ಇಲ್ಲಿಲ್ಲ."

"ಖರೇ" ಅಂದ ಅಂದಾನಪ್ಪ. "ಎರಡ ದಿನ ಕುಂತೂ ನಂಗಿದು ಹೊಳೀಲಿಲ್ಲ ನೋಡ್ರಿ."

ಕಳಕವ್ವನಿಗೆ ಸುಖವೂ ಆಯಿತು, ಸಿಟ್ಟೂ ಬಂತು. "ಇಷ್ಟೆಲ್ಲಾ ಹೇಳಾಕ ಬರೂವರಿದ್ರ ಅವತ್ತ ಸಿರಾ ಯಾಕ ಬಿಟ್ಟು ಹೋದ್ರಿ?"

"ಯಾವ ಸಿರಾ?"

ಸುಶೀಲವ್ವನೇ ರೂಢಿ ಬಿಡಿಸಿ ಹೇಳಬೇಕಾಯಿತು. ಕೇಳುತ್ತ ಕೇಳುತ್ತ ಮಾಸ್ತರನ ಕಿವಿ ಕೆಂಪಾದವು.

"ನಂಗ ಉಪ್ಪಿನ ಯೋಚನಿ ಹತ್ತಿತ್ತ್ರಿ, ಸಿರಾ ಕಂಡಾವ್ರ್ಯಾರು? ನಮ್ಮೂರಾಗ ಒಪ್ಪಿದ್ರ ಹೆಣ್ಣಿನವರು ಹೇಳಿ ಕಳಸತಾರ. ನೀವು ಕಳಸ್ಲಿಲ್ಲ. ಗೊತ್ತಿಲ್ಲ ಅಂದ ಮಾಸ್ತರನ್ನ ಇವ್ರು ಒಲ್ಲೆ ಅಂದಿರಬೇಕು ಅನಕೊಂಡೆ. ಉತ್ತರಾನಾದ್ರೂ ಒಪ್ಪಿಸಿ ಹೋಗೂಣು ಅಂತ ಬಂದೆ."

ವೀರಪ್ಪ ಪಂಚೆಯ ತುದಿ ಹಿಂಡುತ್ತ, "ನಾಳೆ ಬೆಳವಣಕಿಯವರು ಬರತಾರ" ಅಂದ. "ನೋಡಾಕ ಬರ್ರಿ ಅಂತ ಹೇಳಿಬಿಟ್ಟೇನಿ."

"ನೋಡಾಕ ಅಂದೀರಿ, ಕೊಡಾಕ ಅಂದಿಲ್ಲಪ್ಪಾ" ಅಂದಳು ಕಳಕವ್ವ. "ನಾ ನಡುವ ನಿಲ್ಲಾಕಿ ಅಲ್ಲ. ನಂಗ ಇವ್ರು ಬೇಕು."

ಅಂದಾನಪ್ಪ ಸುತ್ತ ನೋಡಿದ. ಸಿರಾ ಎಲ್ಲಿಂದ ಬರಬೇಕು? ಎದುರಿಗಿದ್ದದ್ದು ಉಪ್ಪಿನ ಬಟ್ಟಲು. ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, ಮುಖ ಹಿಂಡದೆ ನುಂಗಿದ.

"ಉಪ್ಪುಂಡ ಮನಿಗೆ ಎರಡು ಬಗೀಬಾರದು ಅಂತಾರ್ರಿ, ಮಾವಾರ."

ವೀರಪ್ಪ ಮಗಳನ್ನು ನೋಡಿದ, ಮಾಸ್ತರನನ್ನು ನೋಡಿದ. ನೋಡುತ್ತ ನೋಡುತ್ತ ನಗು ಬಂತು. ಎದ್ದು ಚಪ್ಪಲಿ ಮೆಟ್ಟಿ, "ಬೆಳವಣಕಿ ಬಸ್ಸಿನ್ನೂ ಹೋಗಿರಲಿಕ್ಕಿಲ್ಲ. ಲಗೂ ಹೋಗಿ ಯಾರ ಕೈಲರ ಹೇಳಿ ಕಳಸತೇನಿ" ಅಂದ. ಸುಶೀಲವ್ವ ಒಳಗೆ ರವೆ ಹುರಿಯಾಕ ಹತ್ತಿದಳು.

ಇಬ್ಬರೇ ಉಳಿದರು. ದೀಪ ಇನ್ನೂ ಉರಿಯುತ್ತಿತ್ತು.

"ಮ್ಯಾಲ ಏರಿದ ಎಲೆಕ್ಟ್ರಾನ್ ಯಾವಾಗ ಇಳೀತೈತಿ ಅಂತ ಮೊದಲ ಹೇಳಾಕ ಬರತೈತೇನ್ರಿ?"

"ಒಂದೊಂದ ಅಣೂಂದು ಯಾರಿಗೂ ಹೇಳಾಕ ಬರೂದಿಲ್ಲ ಅಂತ."

"ಯಾಕ?"

ಅಂದಾನಪ್ಪ ನಕ್ಕ. "ನಂಗ ಗೊತ್ತಿಲ್ಲ, ಕಳಕವ್ವ. ನೀ ಬಂದ ಮ್ಯಾಲ ಇಬ್ರೂ ಕೂಡಿ ಹುಡಕೂಣು."