ಕಾರಿನಲ್ಲಿ ಕಟ್ಟಿದ ಹಳದಿ ಮುಡಿಪು

"ಮುಟ್ಬ್ಯಾಡಿ!"

ಸುನಂದ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು.

ಭೇರ್ಯದ ಭತ್ತದ ವ್ಯಾಪಾರಿ ಗಂಗಾಧರಪ್ಪನ ಮಗಳು ಅವಳು; ಕೃಷ್ಣರಾಜನಗರದ ಶಾಲೆಯಲ್ಲಿ ಟೀಚರು. ಶನಿವಾರ ಊರಿಗೆ ಹೋಗುವ ಬಸ್ಸು ತಪ್ಪಿತೆಂದು ತನ್ನೂರಿನ ಡ್ರೈವರ್ ವೀರಭದ್ರಸ್ವಾಮಿಯ ಬಾಡಿಗೆ ಕಾರು ಹತ್ತಿದ್ದಳು. ಆ ಹಳೇ ಕಾರು ನಾಲೆ ದಿಬ್ಬದಲ್ಲಿ ಏದುಸಿರು ಬಿಟ್ಟು ನಿಂತಿತ್ತು. ಹೊತ್ತು ಹೋಗದೆ, ಮುಂದೆ ತೂಗುತ್ತಿದ್ದ ಹಳದಿ ಬಟ್ಟೆಯ ಗಂಟಿಗೆ ಕೈ ಚಾಚಿದ್ದಳು. ಅಷ್ಟಕ್ಕೇ ಅವನ ಈ ಗದರಿಕೆ!

"ದೇವರ ಮುಡಿಪಾ? ಯಾವ ದೇವರದು?"

"ಹೂಂ... ಮಾದಪ್ಪಂದು."

ಹಸಿ ಸುಳ್ಳು! ಎಂಜಿನ್ನಿಗೆ ಇನ್ನೊಂದು ಕಾರ್ಬುರೇಟರ್ ಕೂರಿಸಿದರೆ ಎಂಥ ದಿಬ್ಬವನ್ನೂ ಒಂದೇ ಓಟಕ್ಕೆ ಹತ್ತುತ್ತದೆಂದು ಮೈಸೂರಿನ ಮೆಕ್ಯಾನಿಕ್ ಷಣ್ಮುಖಪ್ಪ ಹೇಳಿದ್ದ. ಅದಕ್ಕೆಂದು ಕೂಡಿಟ್ಟ ದುಡ್ಡದು. ದೇವರ ಗಂಟೆಂದರೆ ಯಾರೂ ಕೈಗಡ ಕೇಳುವುದಿಲ್ಲವಲ್ಲ!

'ಒಳ್ಳೆಯ ದೈವಭಕ್ತ' ಎಂದುಕೊಂಡಳು ಸುನಂದ, ಪಾಪ.

ಆಮೇಲೆ ಪ್ರತಿ ಶನಿವಾರ ಅದೇ ಕಾರು. ಇಳಿಯುವಾಗ ಆ ಗಂಟಿಗೆ ತನ್ನದೂ ಒಂದು ನಾಲ್ಕಾಣೆ ಸೇರಿಸುತ್ತಿದ್ದಳು. 'ಇವರ ಹರಕೆ ಈಡೇರಲಿ ಮಾದಪ್ಪ...' ಅವನು ತಲೆ ತಗ್ಗಿಸಿಬಿಡುತ್ತಿದ್ದ. ಅದು ನಾಚಿಕೆ ಎಂದುಕೊಂಡು ಅವಳ ಮನಸ್ಸು ಇನ್ನಷ್ಟು ಕರಗುತ್ತಿತ್ತು.

ಒಮ್ಮೆ ಗಂಗಾಧರಪ್ಪನೂ ಜೊತೆಗಿದ್ದ. ಕಾರು ಅದೇ ದಿಬ್ಬದಲ್ಲಿ ನಿಂತಿತು.

"ದಿಬ್ಬನೇ ಅತ್ತಿಸಕ್ಕಾಗಕಿಲ್ಲ, ನೀನು ನಾಳೆ ಸಂಸಾರ ಎಂಗೆ ಅತ್ತಿಸ್ತೀಯೋ?" ಎಂದು ನಕ್ಕುಬಿಟ್ಟ.

ವೀರಭದ್ರನ ಮುಖ ಕಪ್ಪಿಟ್ಟಿತು. ಸುನಂದ ಅಪ್ಪನತ್ತ ಸಿಡುಕಿ ನೋಡಿದಳು.

ಬೇಸಿಗೆ ರಜೆ ಬಂತು. ಹುಣಸೂರಿನ ಗಂಡಿನ ಕಡೆಯವರು ಸೋಮವಾರ ಅವಳನ್ನು ನೋಡಲು ಬರುವುದೆಂದೂ ಆಯಿತು. ಆ ವಾರವೇ ವೀರಭದ್ರ ಜ್ವರ ಬಂದು ಮಲಗಿದ. ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದ ಅವಳ ಸೋದರತ್ತೆ ಶಿವರುದ್ರಮ್ಮ, "ಮುಡಿಪು ತಡ ಮಾಡುದ್ರೆ ಇಂಗೇ ಕಣವ್ವ ದ್ಯಾವ್ರು ಕಾಡೋದು" ಎಂದಳು. ಸುನಂದಳ ಎದೆ ಹಾರಿತು! ಶನಿವಾರ ಬೆಳಿಗ್ಗೆ, ಅವನ ಮನೆ ಮುಂದೆ ನಿಂತಿದ್ದ ಕಾರಿನಿಂದ ಗಂಟು ಬಿಚ್ಚಿ ಅತ್ತೆಯ ಮಡಿಲಿಗೆ ಹಾಕಿ, ಬಸ್ಸು ಹತ್ತಿಸಿದಳು.

ಕಾಲು ಗಂಟೆಯೊಳಗೆ ವೀರಭದ್ರನೇ ಬಾಗಿಲಲ್ಲಿ ನಿಂತಿದ್ದ. ಜ್ವರ ಬಿಟ್ಟಿತ್ತು, ಕಣ್ಣು ಕೆಂಡವಾಗಿತ್ತು.

"ಬಿಚ್ಕೊಂಡೋದ್ರಂತಲ್ಲ, ಆ ಗಂಟೆಲ್ಲಿ?"

"ಬೆಟ್ಟಕ್ಕೆ ಕಳಿಸಿದೆ. ನಿಮ್ಮ ಒಳ್ಳೇದಕ್ಕೇ..."

"ಅಯ್ಯೋ! ಅದು ಮುಡಿಪಲ್ಲ ಕಣ್ರೀ! ಕಾರಿನ ಸಾಮಾನಿಗೆ ಕೂಡಿಟ್ಟಿದ್ದು!"

ಸುನಂದಳಿಗೆ ನಿಂತ ನೆಲವೇ ಕುಸಿದಂತಾಯಿತು. 'ಇಷ್ಟು ದಿನ ದೇವರ ಹೆಸರಲ್ಲಿ ಸುಳ್ಳು ಹೇಳಿದರೇ? ನನಗೆ?'

"ನಡೀರಿ. ಬಸ್ಸು ಕೃಷ್ಣರಾಜನಗರದಲ್ಲಿ ಅರ್ಧ ಗಂಟೆ ನಿಲ್ಲುತ್ತೆ. ನಿಮ್ಮ ದುಡ್ಡು ನಿಮಗೆ ಕೊಡಿಸ್ತೀನಿ. ಆಮೇಲೆ ನಿಮ್ಮ ಮುಖ ನೋಡಲ್ಲ."

ಇಬ್ಬರೂ ಕಾರು ಹತ್ತಿ ಹೊರಟರು. ಹಾಳಾದ ಕಾರು ಅದೇ ದಿಬ್ಬದಲ್ಲಿ ನಿಂತೇಬಿಟ್ಟಿತು! ಅವನು ಸ್ಟೇರಿಂಗಿಗೆ ಹಣೆ ಚಚ್ಚಿಕೊಂಡ.

"ಕಾರು ಜೋರಾಗಿ ಓಡಿಸೋ ಶೋಕಿಗೆ ಇಷ್ಟೆಲ್ಲ ಸುಳ್ಳಾ?" ಸುನಂದ ಕಿಟಕಿಯತ್ತ ಮುಖ ತಿರುಗಿಸಿದಳು.

"ಶೋಕಿಯಾ?" ಅವನು ತಟ್ಟನೆ ತಿರುಗಿದ. "ಈ ದಿಬ್ಬನ ಒಂದೇ ಏಟಿಗೆ ಅತ್ತಿಸಿ, ನಿಮ್ಮಪ್ಪನ್ನ ಮುಂದಿನ ಸೀಟಲ್ಲಿ ಕೂರಿಸ್ಕೊಂಡೇ ನಿಮ್ಮನ್ನ ಕೇಳ್ಬೇಕು ಅಂತಿದ್ದೆ ಸುನಂದಮ್ಮೋರೇ. ಸೋಮವಾರದ ಒಳ್ಗೆ... ಈಗ ಯಾವ ಮುಖ ಒತ್ಕೊಂಡು ಬರ್ಲಿ?"

ಅವಳ ಕೋಪ ಎಲ್ಲಿ ಹೋಯಿತೋ! ಕೆನ್ನೆ ಮೇಲೆ ನೀರಿಳಿಯಿತು. ಸೆರಗಿನಿಂದ ಒರೆಸಿಕೊಂಡು, ಮೆಲ್ಲಗೆ ಕೇಳಿದಳು.

"ಅಂದ್ರೆ... ಆ ಗಂಟು ಕಟ್ಟಿದ್ದು ನನಗೋಸ್ಕರವಾ?"

"ಮೊದಮೊದಲು ಕಾರಿಗೇ. ನೀವು ನಾಲ್ಕಾಣೆ ಆಕಕ್ಕೆ ಸುರು ಮಾಡುದ್ರಲ್ಲ, ಆಗ್ಲಿಂದ ನಿಮಗೇಯ."

"ಹಾಗಾದ್ರೆ ಬಸ್ಸು ಹೋಗಲಿ ಬಿಡಿ."

"ಯಾಕೆ?"

"ಹರಕೆ ಈಡೇರಿತಲ್ಲ. ಮುಡಿಪು ಮಾದಪ್ಪನಿಗೇ ಸೇರಬೇಕು."

ಅವಳು ಕೆಳಗಿಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರಿನ ಹಿಂದೆ ಹೋಗಿ ನಿಂತಳು.

"ಏನ್ಮಾಡ್ತಿದ್ದೀರಿ?"

"ತಳ್ತೀನಿ. ಮೇಲೆ ಹೋದ ಮೇಲೆ ಭೇರ್ಯದ ಕಡೆ ತಿರುಗಿಸಿ. ಈಗಲೇ ಅಪ್ಪನ್ನ ಕೇಳೋಣ."

"ದಿಬ್ಬ ಅತ್ತದ ಕಾರು ಅಂತ ಮತ್ತೆ ನಗ್ತಾರೆ..."

"ಇಬ್ಬರೂ ಸೇರಿ ಹತ್ತಿಸಿದ್ವಿ ಅಂತ ಹೇಳೋಣ."