ಸೆವ್ರಿನ್ ಬಾಯಮ್ಮನ ಹಿಂಕೋಣೆಯ ಬಾಗಿಲು

ನಾನು ಬಡಗಿ. ಭಾನುವಾರಗಳಲ್ಲಿ ನಾನು ಮತ್ತು ಗಾರೆ ಕೆಲಸದ ಬೀರಪ್ಪ ಕೆಮ್ಮಣ್ಣು ಊರಿನ ವಯಸ್ಸಾದವರ ಮನೆಗಳನ್ನು ಕೂಲಿಯಿಲ್ಲದೆ ರಿಪೇರಿ ಮಾಡಿಕೊಡುತ್ತೇವೆ. ಕಳೆದ ವರ್ಷ, ನರ್ಸ್ ಆಗಿ ನಿವೃತ್ತರಾದ ಸೆವ್ರಿನ್ ಬಾಯಮ್ಮನ ಮನೆಯಲ್ಲಿ ಕಿಟಕಿಯಿಲ್ಲದ ಹಿಂಕೋಣೆಗೆ ಹೊಸ ಬಾಗಿಲು ಕೂರಿಸಿದೆವು.

ಮರುವಾರ ಹೋದರೆ ಬಾಗಿಲು ಕಳಚಿ ನೆಲದ ಮೇಲಿತ್ತು. ಸ್ಕ್ರೂಗಳು ಹೊಸ್ತಿಲ ಮೇಲೆ ಸಾಲಾಗಿದ್ದವು. ಮುಟ್ಟಿದರೆ, ಯಾರೋ ಆಗಷ್ಟೇ ಮುಷ್ಟಿಯಿಂದ ಇಳಿಸಿದಂತೆ ಬೆಚ್ಚಗಿದ್ದವು. ಮಧ್ಯಾಹ್ನದ ಆ ಸೆಕೆಯಲ್ಲೂ ಕೋಣೆಯೊಳಗಿನಿಂದ ಐಸಿನಂಥ ಗಾಳಿ ಬರುತ್ತಿತ್ತು.

“ಬ್ಯಾಡ್ರೀ, ಹೋಗೋಣ ನಡೀರಿ,” ಎಂದ ಬೀರಪ್ಪ.

ಬಾಯಮ್ಮ ಕೋಲನ್ನು ನೆಲಕ್ಕೆ ಕುಟ್ಟಿದರು. “ಎಂತ ಹೋಗುವುದು? ಆಸ್ಪತ್ರೆಯಲ್ಲಿ ಎಷ್ಟೋ ಹೆಣ ತೊಳೆದವಳು ನಾನು. ಒಳಗಿರುವುದಕ್ಕೆ ಬಾಗಿಲು ಬೇಡವಾದರೆ ಅದೇ ಮನೆ ಬಿಡಲಿ. ನೀವು ಹಾಕಿ ಮಾರಾಯ್ರೆ!”

ನನಗೂ ಹಟ ಬಂತು. ಇನ್ನೂ ಉದ್ದದ ಸ್ಕ್ರೂಗಳನ್ನು ತೆಗೆದುಕೊಂಡೆ. ಒಂದೊಂದನ್ನು ಬಿಗಿದಾಗಲೂ ಒಳಗೆ ಯಾರೋ ನಿಟ್ಟುಸಿರು ಬಿಟ್ಟರು. ನಾನು ಕೈ ನಿಲ್ಲಿಸಲಿಲ್ಲ.

ಆಮೇಲೆ ಬಾಗಿಲು ಕಳಚಲಿಲ್ಲ. ಆದರೆ ಕಳೆದ ಭಾನುವಾರ ಅದನ್ನು ದೂಡಹೋದಾಗ, ಒಳಗಿನಿಂದ ಚಿಲಕ ಎಳೆದ ಸದ್ದು ಕೇಳಿತು. ಎಷ್ಟು ದೂಡಿದರೂ ತೆರೆಯಲಿಲ್ಲ.

“ನೋಡಿ, ಈಗ ಅದಕ್ಕೂ ಬಾಗಿಲು ಬೇಕಾಯಿತು, ಅಲ್ವಾ?” ಎಂದು ಬಾಯಮ್ಮ ಗಟ್ಟಿಯಾಗಿ ನಕ್ಕರು.

ಒಳಬದಿಗೆ ನಾನು ಚಿಲಕವನ್ನೇ ಕೂರಿಸಿರಲಿಲ್ಲ.