ಒಣರೊಟ್ಟಿಯ ಏಳು ದಿನ

ಬ್ರೈನಾಳ ಮನೆಯಲ್ಲಿ ಯಹೂದಿಗಳ ಎಂಟು ದಿನದ ಪಾಸೋವರ್ ಹಬ್ಬವೆಂದರೆ ಕೋಳಿಸಾರು, ಸಾರಿನಲ್ಲಿ ತೇಲುವ ಮಾತ್ಸಾ ಉಂಡೆ. ಹಬ್ಬದಲ್ಲಿ ಹುಳಿಹಿಟ್ಟು ಮುಟ್ಟುವಂತಿಲ್ಲ; ಹುಳಿ ಬಾರದ ಮಾತ್ಸಾ ಎಂಬ ತೆಳು ಒಣರೊಟ್ಟಿಯನ್ನು ಪುಡಿ ಮಾಡಿ, ಮೊಟ್ಟೆ, ಮೆಣಸು ಹಾಕಿ, ಅವಳ ತಾಯಿ ಕಟ್ಟುತ್ತಿದ್ದ ಹಾಗೆಯೇ ಅವಳೂ ಕಟ್ಟುತ್ತಿದ್ದಳು. ಅದನ್ನು ಒಲ್ಲೆ ಎಂದವರು ಮಾಂಟ್ರಿಯಲ್‌ನಲ್ಲಿ ಯಾರೂ ಇರಲಿಲ್ಲ, ಬೆರಿಶ್ ಊಟಕ್ಕೆ ಬರುವವರೆಗೆ.

ಬೆರಿಶ್ ಪ್ರಾರ್ಥನೆಯ ಪುಸ್ತಕಗಳಿಗೆ ರಟ್ಟು ಕಟ್ಟುವವನು, ಹೆಂಡತಿಯನ್ನು ಕಳೆದುಕೊಂಡವನು. ಬ್ರೈನಾಳ ಮಗಳು ಗಿಟೆಲ್‌ಗೆ ನಲವತ್ತು ದಾಟಿತ್ತು. ಅಪ್ಪನ ಹಳೆಯ ಪುಸ್ತಕದ ನೆಪದಲ್ಲಿ ಅವಳು ಮತ್ತೆ ಮತ್ತೆ ಅವನ ಅಂಗಡಿಗೆ ಹೋಗಿದ್ದಳು. ರಟ್ಟು ಮೊದಲ ಸಲವೇ ಸರಿಯಾಗಿತ್ತು.

ಹಬ್ಬದ ಮೊದಲ ಮಧ್ಯಾಹ್ನ ಬ್ರೈನಾ ಸಾರು ಬಡಿಸಿದಳು. ಬೆರಿಶ್ ತನ್ನ ಪಾಲಿನ ಮಾತ್ಸಾವನ್ನು ಬಟ್ಟೆಯಲ್ಲಿ ಮುಚ್ಚಿ, ಬಟ್ಟಲನ್ನು ಬೆರಳ ತುದಿಯಿಂದ ದೂರ ಸರಿಸಿದ.

"ಯಾಕಪ್ಪಾ, ನನ್ನ ಕೈ ಶುದ್ಧ ಇಲ್ವಾ?"

"ಅಯ್ಯೋ, ಹಾಗಲ್ಲಮ್ಮಾ. ನಮ್ಮನೇಲಿ ಹಬ್ಬದಲ್ಲಿ ಮಾತ್ಸಾ ನೆನೆಸಿದ್ದು ತಿನ್ನಲ್ಲ. ಒಳಗೆಲ್ಲಾದ್ರೂ ಚಿಟಿಕೆ ಹಿಟ್ಟು ಬೇಯದೆ ಉಳಿದಿದ್ರೆ, ನೀರು ತಾಗಿ ಹುಳಿ ಬಂದುಬಿಡತ್ತೆ ಅಂತ ಹಿರಿಯರು..."

"ಅಂದ್ರೆ ನಮ್ಮ ಹಿರಿಯರು ಹುಳಿಹಿಟ್ಟು ತಿಂದ್ಕೊಂಡೇ ಸತ್ತರು ಅನ್ನು."

ಬೆರಿಶ್ ಆಲೂಗೆಡ್ಡೆ ತಿಂದ. ಆದರೆ ಸಾರಿನ ಹಬೆ ಕನ್ನಡಕಕ್ಕೆ ಕವಿದಾಗ ಅವನು ಕಣ್ಣು ಮುಚ್ಚಿ ಉಸಿರೆಳೆದುಕೊಂಡದ್ದನ್ನು ಗಿಟೆಲ್ ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಕಿವಿ ಕೆಂಪಗಾಯಿತು.

ಅವನು ಹೋದ ಮೇಲೆ ಬ್ರೈನಾ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತ ತೊಳೆದಳು. "ಮದುವೆ ಆದ್ರೆ ನೀನು ಅವನ ಮನೆ ಪದ್ಧತೀನೇ ಹಿಡೀಬೇಕು ಕಣೇ. ನಮ್ಮಮ್ಮನ ಉಂಡೆ ನನ್ನ ಜೊತೆಗೇ ಮಣ್ಣಾಗತ್ತೆ. ಯೋಚನೆ ಮಾಡು."

ಗಿಟೆಲ್ ಯೋಚಿಸಿದಳು. ಒಂದು ಉಂಡೆಗಾಗಿ ಗಂಡಸನ್ನು ಬಿಡುವುದು ಹುಚ್ಚು. ಆದರೆ ಆ ಉಂಡೆಯಿಲ್ಲದ ಹಬ್ಬದಲ್ಲಿ ತಾನು ಯಾರ ಮಗಳು?

ಹಬ್ಬದ ನಡುವಿನ ದಿನಗಳಲ್ಲೊಮ್ಮೆ ಇಬ್ಬರೂ ಪಾರ್ಕಿನಲ್ಲಿ ನಡೆದರು. ಹಾದಿಬದಿಯಲ್ಲಿ ಕೊಳಕು ಹಿಮ ಕರಗುತ್ತಿತ್ತು.

"ಒಂದೇ ಒಂದು ತಿಂದಿದ್ರೆ ಏನಾಗ್ತಿತ್ತು?" ಅಂದಳು ಗಿಟೆಲ್.

"ದೇವರು ಕ್ಷಮಿಸ್ತಿದ್ದ. ನಮ್ಮಪ್ಪ ಕ್ಷಮಿಸ್ತಿರಲಿಲ್ಲ." ನಕ್ಕು, ಆಮೇಲೆ ಮೆತ್ತಗೆ ಹೇಳಿದ: "ಅವರು ನಂಗೆ ಬಿಟ್ಟುಹೋಗಿದ್ದು ಇದೊಂದೇ. ಒಂದು ಫೋಟೊ ಕೂಡ ಇಲ್ಲ. ಒಣ ಮಾತ್ಸಾ ಕಡಿದಾಗ ಕರುಂ ಅನ್ನತ್ತಲ್ಲ, ಆಗ ಅಪ್ಪ ಎದುರಿಗೇ ಕೂತ ಹಾಗಿರತ್ತೆ."

ಗಿಟೆಲ್ ಹೊಂದಿಸಿಕೊಂಡು ಬಂದಿದ್ದ ವಾದವೆಲ್ಲ ಅಲ್ಲೇ ಕರಗಿತು. ಅಜ್ಜಿಯೂ ಅವಳ ಪಾಲಿಗೆ ಬದುಕಿದ್ದದ್ದು ಆ ಮೆಣಸಿನ ಖಾರದಲ್ಲೇ.

"ಕೊನೇ ದಿನ ಊಟಕ್ಕೆ ಬರ್ಲಾ?" ಅವನು ಕೇಳಿದ.

"ಅವತ್ತೂ ಅಮ್ಮ ಉಂಡೆ ಮಾಡ್ತಾಳೆ."

"ಮಾಡ್ಲಿ."

ಪಾಪ, ಮತ್ತೆ ಬೈಸಿಕೊಳ್ಳುವುದಕ್ಕೇ ಬರುತ್ತಾನೆ ಎಂದುಕೊಂಡಳು.

ಎಂಟನೆಯ ದಿನ ಬ್ರೈನಾ ಅವನ ಮುಂದೆ ಬೇಯಿಸಿದ ಆಲೂಗೆಡ್ಡೆ ಕುಕ್ಕಿದಳು. ಬೆರಿಶ್ ಅದನ್ನು ಪಕ್ಕಕ್ಕಿಟ್ಟು, ಸಾರಿನ ಬಟ್ಟಲೆಳೆದುಕೊಂಡು, ಉಂಡೆಯೊಂದನ್ನು ಬಾಯಿಗಿಟ್ಟ. ಇನ್ನೊಂದನ್ನೂ. ಬ್ರೈನಾ ಸೌಟು ಹಿಡಿದಂತೆಯೇ ನಿಂತಳು.

"ಪದ್ಧತಿ ಬಿಟ್ಬಿಟ್ಯಾ?" ಅವಳ ದನಿಯಲ್ಲಿ ಗೆಲುವಿಗಿಂತ ಗಾಬರಿಯೇ ಹೆಚ್ಚಿತ್ತು.

"ಇದೂ ಪದ್ಧತಿನೇ ಅಮ್ಮಾ. ಏಳು ದಿನ ನೆನೆಸಿದ್ದು ಮುಟ್ಟಲ್ಲ, ಎಂಟನೇದು ಹಿರಿಯರು ಆಮೇಲೆ ಸೇರಿಸಿದ ದಿನ, ಅವತ್ತು ಬೇಕು ಅಂತಲೇ ತಿಂತೀವಿ. ಏಳು ದಿನ ಬೇರೆಯವರ ಊಟ ಒಲ್ಲೆ ಅಂದಿದ್ದನ್ನ ಒಂದು ದಿನ ಒಟ್ಟಿಗೆ ಕೂತು ತೀರಿಸ್ಬೇಕು ಅಂತಿದ್ರು ಅಪ್ಪ."

"ಮೊದಲೇ ಹೇಳೋಕೇನಾಗಿತ್ತು?"

"ನೀವು ಹೇಳೋಕೆ ಬಿಟ್ರೆ ತಾನೇ."

ಗಿಟೆಲ್ ಒಂದು ಮಾತ್ಸಾ ಮುರಿದು, ನಿಧಾನವಾಗಿ ಅವನ ಸಾರಿಗೆ ಹಾಕಿದಳು. ಅದು ನೆನೆಯುವವರೆಗೆ ಇಬ್ಬರೂ ಅದನ್ನೇ ನೋಡುತ್ತಿದ್ದರು.

"ಅಮ್ಮಾ, ಮುಂದಿನ ವರ್ಷ ಎಂಟನೇ ದಿನದ ಉಂಡೆ ನಾನು ಕಟ್ತೀನಿ. ಹೇಳ್ಕೊಡು."

"ಮಿಕ್ಕ ಏಳು ದಿನ?"

"ಒಣಗಿದ್ದೇ ತಿಂತೀನಿ."

"ಯಾರ ಮನೇಲಿ?"

ಗಿಟೆಲ್ ಬೆರಿಶ್‌ನ ಕಡೆ ನೋಡಿದಳು. ಬಾಯಿ ತುಂಬ ಉಂಡೆ ತುಂಬಿಕೊಂಡಿದ್ದ ಅವನು ಮಾತಾಡಲಾಗದೆ, ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡ.